ಹದಿನಾರು ಗುಂಡಿ ಸಾಕೇ, ಅರವತ್ತನಾಲ್ಕು ಬೇಕೇ?

ಸದ್ದು–ಸಲಕರಣೆ: ಓದುಗರ ಪ್ರಶ್ನೆ, ಅಕ್ಕನ ಉತ್ತರ

(ಅಂಕಣಕಾರ್ತಿ ಹುಬ್ಬಳ್ಳಿಯವರು. ಆರ್ಕೆಸ್ಟ್ರಾಗಳಲ್ಲಿ ಆಕ್ಟಪ್ಯಾಡ್, ಅಂದರೆ ಕೋಲಿನಿಂದ ಬಾರಿಸುವ ಎಂಟು ಪ್ಯಾಡ್‌ಗಳ ವಿದ್ಯುನ್ಮಾನ ತಾಳವಾದ್ಯ, ನುಡಿಸುತ್ತಿದ್ದರು. ಈಗ ಡಿ.ಜೆ. ಸಲಕರಣೆಗಳ ದುರಸ್ತಿ ಅವರ ಕಸುಬು.)

ಪ್ರಶ್ನೆ: ಅಕ್ಕಾ, ನಮಸ್ಕಾರ. ಮದುವೆ, ಆರತಕ್ಷತೆ, ಹುಟ್ಟುಹಬ್ಬಗಳಿಗೆ ಡಿ.ಜೆ. ಮಾಡುತ್ತೇನೆ. ಲ್ಯಾಪ್‌ಟಾಪಿನ ಜೊತೆಗೆ ಸೆಕೆಂಡ್ ಹ್ಯಾಂಡ್ ಪಯೋನಿಯರ್ ಡಿ.ಡಿ.ಜೆ.-400 ಕಂಟ್ರೋಲರ್ (ಡಿ.ಜೆ. ತಂತ್ರಾಂಶವನ್ನು ಗುಂಡಿಗಳಿಂದ ನಡೆಸುವ ಪೆಟ್ಟಿಗೆ) ಇದೆ. ಅದರ ಪಕ್ಕಕ್ಕೆ ಬರೀ ಗುಂಡಿಗಳಿರುವ ಇನ್ನೊಂದು ಕಂಟ್ರೋಲರ್ ಕೊಳ್ಳಬೇಕೆಂದಿದ್ದೇನೆ. ಹದಿನಾರು ಗುಂಡಿಗಳ ಸರಳವಾದದ್ದೊಂದನ್ನು ನೋಡಿದ್ದೇನೆ. ಇನ್ನೊಂದು ಅರವತ್ತನಾಲ್ಕು ಪ್ಯಾಡ್‌ಗಳದ್ದು. ಎಷ್ಟು ಜೋರಾಗಿ ಒತ್ತಿದೆವು ಎಂಬುದನ್ನೂ ಗುರುತಿಸುತ್ತದೆ, ಹತ್ತಾರು ಮೋಡ್‌ಗಳಿವೆ, ಬೆಲೆಯೂ ಹಾಗೆಯೇ ಇದೆ. ‘ಕೊಳ್ಳುವುದಾದರೆ ದೊಡ್ಡದನ್ನೇ ಕೊಂಡುಬಿಡು’ ಎನ್ನುತ್ತಾನೆ ಗೆಳೆಯ. ಯಾವುದು ಸರಿ?
— ಓದುಗ, ರಾಣೆಬೆನ್ನೂರು

ಉತ್ತರ: ತಮ್ಮಾ, ಗೆಳೆಯ ದುಡ್ಡಿನಲ್ಲಿ ಪಾಲು ಹಾಕುವವನಿದ್ದರೆ ಮಾತ್ರ ಅವನ ಮಾತು ಕೇಳು. ಇಲ್ಲವಾದರೆ ಮೊದಲು ನನ್ನದೊಂದು ಪ್ರಶ್ನೆಗೆ ಉತ್ತರ ಕೊಡು: ಆ ಗುಂಡಿಗಳನ್ನು ಒತ್ತಿ ನೀನು ಏನು ಮಾಡಬೇಕೆಂದಿದ್ದೀಯಾ?

ಗುಂಡಿಗಳಿಂದ ಡಿ.ಜೆ. ಮಾಡುವ ಕೆಲಸಗಳು ಹೆಚ್ಚೇನಿಲ್ಲ. ಹಾಡಿನಲ್ಲಿ ಮೊದಲೇ ಗುರುತು ಹಾಕಿಟ್ಟ ಜಾಗಕ್ಕೆ ಜಿಗಿಯುವುದು ಹಾಟ್ ಕ್ಯೂ. ಒಂದು ತುಣುಕನ್ನು ಸುತ್ತಿ ಸುತ್ತಿ ನುಡಿಸುವುದು ಲೂಪ್. ‘ವಧೂವರರಿಗೆ ಜೋರು ಚಪ್ಪಾಳೆ’ ಎಂಬ ಧ್ವನಿಮುದ್ರಣವನ್ನೋ ಹಾರ್ನಿನ ಸದ್ದನ್ನೋ ಹಾಡಿನ ಮೇಲೆ ಎಸೆಯುವುದು ಸ್ಯಾಂಪ್ಲರ್. ಮದುವೆ ಮನೆಯಲ್ಲಿ ದುಡಿಯುವವನ ನೂರಕ್ಕೆ ತೊಂಬತ್ತು ಪಾಲು ಕೆಲಸ ಈ ಮೂರರಲ್ಲೇ ಮುಗಿಯುತ್ತದೆ.

ಈಗ ಆ ದುಬಾರಿ ಗುಣದ ವಿಷಯಕ್ಕೆ ಬರೋಣ. ಒತ್ತಡ ಗುರುತಿಸುವ ಪ್ಯಾಡ್ ಒತ್ತಿದಾಗ ಮಿಡಿ (ಸಂಗೀತದ ಯಂತ್ರಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುವ ಭಾಷೆ) ಸಂದೇಶದೊಳಗೆ 1ರಿಂದ 127ರವರೆಗಿನ ಒಂದು ಅಂಕಿ ಹೋಗುತ್ತದೆ. ಮೆಲ್ಲಗೆ ತಟ್ಟಿದರೆ 20, ಗುದ್ದಿದರೆ 120. ಆಕ್ಟಪ್ಯಾಡ್ ನುಡಿಸುವವರಿಗೆ ಈ ಅಂಕಿಯೇ ಜೀವಾಳ. ಅದಿಲ್ಲದಿದ್ದರೆ ಪ್ರತಿ ಪೆಟ್ಟೂ ಒಂದೇ ಗಟ್ಟಿತನದಲ್ಲಿ ಬಿದ್ದು ಕೇಳುವವರ ತಲೆ ಕೆಡುತ್ತದೆ. ಆದರೆ ಹಾಟ್ ಕ್ಯೂಗೆ ಅದರಿಂದ ಆಗಬೇಕಾದ್ದೇನು? ಹಾಡಿನ ಪಲ್ಲವಿಗೆ ಜಿಗಿ ಎಂದರೆ ಜಿಗಿಯಬೇಕು, ಅಷ್ಟೇ. ಇಪ್ಪತ್ತರ ಬಲದಲ್ಲಿ ಜಿಗಿದರೂ ನೂರಿಪ್ಪತ್ತರ ಬಲದಲ್ಲಿ ಜಿಗಿದರೂ ಪಲ್ಲವಿ ಅದೇ, ಅದರ ಗಟ್ಟಿತನವೂ ಅದೇ. ಲೂಪ್‌ಗೂ ಇದೇ ಮಾತು. ಕೆಲವು ತಂತ್ರಾಂಶಗಳ ಸ್ಯಾಂಪ್ಲರ್‌ನಲ್ಲಿ ಮಾತ್ರ ಆ ಅಂಕಿಗೆ ಬೆಲೆಯುಂಟು.

ಬೆಲೆ ಇಲ್ಲದಿದ್ದರೆ ಹೋಗಲಿ, ತೊಂದರೆಯೂ ಇದೆ. ಒತ್ತಡದ ಪ್ಯಾಡ್‌ಗೆ ಒಂದು ಹೊಸ್ತಿಲು ಇರುತ್ತದೆ. ಅದಕ್ಕಿಂತ ಹಗುರವಾಗಿ ತಾಗಿದರೆ ಪ್ಯಾಡ್ ಸುಮ್ಮನಿರುತ್ತದೆ. ಹಾಗಿಲ್ಲದಿದ್ದರೆ ಮೇಜು ಅಲುಗಿದಾಗಲೆಲ್ಲ ಸದ್ದು ಹೊರಡುತ್ತಿತ್ತು. ಆದರೆ ಅವಸರದಲ್ಲಿ ಬೆರಳ ತುದಿ ತಾಗಿಸಿ ‘ಒತ್ತಿದೆ’ ಎಂದು ನೀನು ನಂಬಿರುತ್ತೀಯ, ಹಾಡು ಜಿಗಿದಿರುವುದಿಲ್ಲ. ಸರಳ ಗುಂಡಿಗೆ ಈ ಗೊಂದಲವಿಲ್ಲ. ಅದಕ್ಕೆ ಗೊತ್ತಿರುವುದು ಒತ್ತಿದೆ, ಒತ್ತಿಲ್ಲ ಎಂಬ ಎರಡೇ ಸ್ಥಿತಿ. ಕ್ಯೂಗಳನ್ನು ವೇಗವಾಗಿ ಒತ್ತಿ ಹಾಡನ್ನು ಚೂರು ಚೂರು ಮಾಡಿ ನುಡಿಸುವವರಿಗೆಂದೇ ಮಾಡಿದ ಮೊದಲ ಮಿಡಿ ಫೈಟರ್ ಎಂಬ ಪೆಟ್ಟಿಗೆಯನ್ನು ನೋಡು. ಅದರಲ್ಲಿರುವುದು ಹದಿನಾರೇ ಗುಂಡಿ, ಅದೂ ವಿಡಿಯೋ ಗೇಮ್ ಅಂಗಡಿಗಳ ಯಂತ್ರಗಳಿಗೆ ಜಪಾನಿನ ಸಾನ್ವಾ ಕಂಪನಿ ಮಾಡುವ ಗುಂಡಿಗಳು. ಒತ್ತಡ ಗಿತ್ತಡ ಏನೂ ಇಲ್ಲ. ಹಾಗೆಂದು ಅದು ಅಗ್ಗದ ಪೆಟ್ಟಿಗೆಯೂ ಅಲ್ಲ. ಸರಳವಾದದ್ದು ಕಲಿಯುವವರಿಗೆ, ಸಂಕೀರ್ಣವಾದದ್ದು ಪಳಗಿದವರಿಗೆ ಎಂಬ ಲೆಕ್ಕ ಅಂಗಡಿಯವರದು. ಕೈಯಲ್ಲಿ ವೇಗವಿರುವವರು ಸರಳ ಗುಂಡಿಯನ್ನೇ ಹುಡುಕಿಕೊಂಡು ಹೋಗುವುದನ್ನು ನಾನು ನೋಡುತ್ತಲೇ ಇದ್ದೇನೆ.

ಇನ್ನು ಅರವತ್ತನಾಲ್ಕರ ಸಂಗತಿ. ಎಂಟು ಸಾಲು, ಸಾಲಿಗೆ ಎಂಟು ಎಂಬ ಜೋಡಣೆ ಆಕಾಶದಿಂದ ಬಿದ್ದದ್ದಲ್ಲ. 2009ರಲ್ಲಿ ನೊವೇಶನ್ ಕಂಪನಿಯ ಲಾಂಚ್‌ಪ್ಯಾಡ್ ಬಂದದ್ದು ಏಬಲ್ಟನ್ ಲೈವ್ ತಂತ್ರಾಂಶಕ್ಕಾಗಿ. ಆ ತಂತ್ರಾಂಶದಲ್ಲಿ ಸಂಗೀತದ ತುಣುಕುಗಳು ಚೌಕಗಳಾಗಿ ಕೂತಿರುತ್ತವೆ, ಒಂದೊಂದು ಪ್ಯಾಡ್ ಒಂದೊಂದು ತುಣುಕನ್ನು ಹೊರಡಿಸುತ್ತದೆ. ತಮಾಷೆಯೆಂದರೆ ಆ ಮೊದಲ ಲಾಂಚ್‌ಪ್ಯಾಡ್‌ಗೂ ಒತ್ತಡ ತಿಳಿಯುತ್ತಿರಲಿಲ್ಲ. ತುಣುಕು ಹೊರಡಿಸಲು ಅದು ಬೇಕಿರಲಿಲ್ಲ. ಮುಂದೆ ಪ್ರೊ, ಎಕ್ಸ್ ಮಾದರಿಗಳಲ್ಲಿ ಒತ್ತಡ ಸೇರಿತು. ಮಿನಿ ಮಾದರಿ ಹಾಗೆಯೇ ಉಳಿಯಿತು. ನೀನು ಎರಡು ಡೆಕ್‌ಗಳಲ್ಲಿ (ಡೆಕ್ ಎಂದರೆ ಒಂದು ಹಾಡು ನುಡಿಸುವ ಭಾಗ) ಒಂದಾದ ಮೇಲೊಂದು ಹಾಡು ಬೆರೆಸುವವನು. ಚೌಕಗಳ ಆ ಲೋಕ ನಿನ್ನದಲ್ಲ. ಮ್ಯಾಪಿಂಗ್ ಮಾಡಿ ಅದನ್ನು ನಿನ್ನ ತಂತ್ರಾಂಶಕ್ಕೆ ಒಗ್ಗಿಸಬಹುದು, ನಿಜ. ಆದರೆ ಯಾವ ಗುಂಡಿ ಯಾವ ಕೆಲಸಕ್ಕೆ, ಯಾವುದರಲ್ಲಿ ಯಾವ ಬಣ್ಣದ ದೀಪ ಎಂದು ಒಂದೊಂದಾಗಿ ಬರೆಯುತ್ತಾ ಕೂರಬೇಕು. ಕೊನೆಗೆ ಮಂಟಪದ ದೀಪ ಆರಿಸಿ ಬಣ್ಣದ ಲೈಟು ಬಿಟ್ಟಾಗ, ಒಂದೇ ಅಳತೆಯ ಅರವತ್ತನಾಲ್ಕು ಚೌಕಗಳಲ್ಲಿ ನಿನಗೆ ಬೇಕಾದ ಒಂದನ್ನು ಬೆರಳಿನಿಂದ ತಡಕಿ ಕಂಡುಹಿಡಿಯುವುದು ಯಾರಿಂದಲೂ ಆಗದು. ನಾಲ್ಕು ಸಾಲು, ಸಾಲಿಗೆ ನಾಲ್ಕು ಎಂದರೆ ಬೆರಳು ನೋಡದೆಯೇ ಲೆಕ್ಕ ಹಿಡಿಯುತ್ತದೆ. 1988ರಲ್ಲಿ ಬಂದ, ರೋಜರ್ ಲಿನ್ ವಿನ್ಯಾಸ ಮಾಡಿದ ಅಕಾಯ್ ಎಂ.ಪಿ.ಸಿ.-60 ಎಂಬ ತಾಳಯಂತ್ರದಲ್ಲಿ ಇದ್ದದ್ದೂ ಅದೇ ನಾಲ್ಕು–ನಾಲ್ಕು. ಇಂದಿಗೂ ಆ ಜೋಡಣೆ ಉಳಿದುಕೊಂಡಿದೆ.

ಇಷ್ಟೆಲ್ಲ ಹೇಳಿದ ಮೇಲೆ ನಿನ್ನ ಮೇಜಿನ ಮೇಲೆ ಈಗಾಗಲೇ ಇರುವುದನ್ನು ನೋಡು. ಡಿ.ಡಿ.ಜೆ.-400ರಲ್ಲಿ ಡೆಕ್ಕಿಗೆ ಎಂಟರಂತೆ ಹದಿನಾರು ಪ್ಯಾಡ್‌ಗಳಿವೆ. ಹಾಟ್ ಕ್ಯೂ, ಬೀಟ್ ಲೂಪ್, ಬೀಟ್ ಜಂಪ್ (ಕೆಲವು ಬೀಟ್ ಮುಂದಕ್ಕೋ ಹಿಂದಕ್ಕೋ ಹಾರುವುದು), ಸ್ಯಾಂಪ್ಲರ್ ಎಂದು ನಾಲ್ಕು ಮೋಡ್. ಶಿಫ್ಟ್ ಹಿಡಿದರೆ ಇನ್ನೂ ನಾಲ್ಕು. ಕೆಲಸಗಳಿಗೆ ಕೊರತೆಯಿಲ್ಲ. ಕೊರತೆ ಇರುವುದು ಬೇರೆ ಕಡೆ: ಕ್ಯೂ ಒತ್ತುತ್ತಿರುವಾಗ ಸ್ಯಾಂಪ್ಲರ್ ಬೇಕೆಂದರೆ ಮೋಡ್ ಬದಲಿಸಬೇಕು, ಮರಳಿ ಬರಲು ಮರೆತರೆ ಪಲ್ಲವಿಯ ಬದಲು ಹಾರ್ನ್ ಕೂಗುತ್ತದೆ, ಅದೂ ಮಾಂಗಲ್ಯಧಾರಣೆಯ ಹೊತ್ತಿಗೆ. ಎರಡನೆಯ ಪೆಟ್ಟಿಗೆ ಬೇಕಾಗುವುದು ಈ ಒಂದು ಕಾರಣಕ್ಕೆ. ಸ್ಯಾಂಪ್ಲರ್ ಅನ್ನು ಶಾಶ್ವತವಾಗಿ ಆ ಪೆಟ್ಟಿಗೆಗೆ ಕಳಿಸಿಬಿಡು. ಅಲ್ಲಿ ಒಂದು ಗುಂಡಿಗೆ ಒಂದೇ ಕೆಲಸ, ಹಗಲೂ ರಾತ್ರಿಯೂ ಅದೇ ಕೆಲಸ. ಹಾಗೆ ನೋಡಿದರೆ ಹತ್ತಾರು ಮೋಡ್‌ಗಳ ದೊಡ್ಡ ಪೆಟ್ಟಿಗೆ ತಂದುಕೊಂಡವನು ಯಾವ ಕಾಟ ತಪ್ಪಿಸಿಕೊಳ್ಳಲು ಹೊರಟಿದ್ದನೋ ಅದನ್ನೇ ದುಡ್ಡು ಕೊಟ್ಟು ಮನೆಗೆ ತಂದಂತೆ.

ಆದ್ದರಿಂದ ಹದಿನಾರರದ್ದನ್ನೇ ತೆಗೆದುಕೋ. ಕೊಳ್ಳುವ ಮೊದಲು ಒಂದು ಸಂಗತಿ ಖಚಿತಪಡಿಸಿಕೋ: ನೀನು ಬಳಸುವ ತಂತ್ರಾಂಶದ ನಿನ್ನ ಆವೃತ್ತಿ ಹೊರಗಿನ ಮಿಡಿ ಪೆಟ್ಟಿಗೆಗೆ ಮ್ಯಾಪಿಂಗ್ ಮಾಡಲು ಬಿಡುತ್ತದೆಯೇ? ಉದಾಹರಣೆಗೆ ಸೆರಾಟೊ ಎಂಬ ಡಿ.ಜೆ. ತಂತ್ರಾಂಶದ ಲೈಟ್ ಆವೃತ್ತಿ ಬಿಡುವುದಿಲ್ಲ, ಪ್ರೊ ಬಿಡುತ್ತದೆ. ಇದನ್ನು ವಿಚಾರಿಸದೆ ಕೊಂಡ ಪೆಟ್ಟಿಗೆಗಳು ‘ಕೆಟ್ಟಿದೆ’ ಎಂಬ ಚೀಟಿಯೊಂದಿಗೆ ನನ್ನ ಅಂಗಡಿಗೆ ಬರುತ್ತವೆ. ಏನೂ ಕೆಟ್ಟಿರುವುದಿಲ್ಲ.

ದುಬಾರಿ ಪೆಟ್ಟಿಗೆಗೆ ನಾನು ಶತ್ರುವಲ್ಲ. ಹಾಡಿನ ಮೇಲೆ ಹಲಗೆಯ ಪೆಟ್ಟುಗಳನ್ನು ನೀನೇ ಬೆರಳಿನಿಂದ ನುಡಿಸುವುದಾದರೆ ಒತ್ತಡ ಬೇಕೇ ಬೇಕು, ಅದಿಲ್ಲದೆ ಆ ಕೆಲಸಕ್ಕೆ ಕೈ ಹಾಕಬೇಡ. ಆದರೆ ಆಗಲೂ ಹದಿನಾರು ದಪ್ಪ ಪ್ಯಾಡ್‌ಗಳದ್ದನ್ನು ತೆಗೆದುಕೋ. ಅರವತ್ತನಾಲ್ಕು ಸಣ್ಣ ಚೌಕಗಳ ಮೇಲೆ ಹಲಗೆ ನುಡಿಸಹೊರಟರೆ ಪಕ್ಕದ ಚೌಕವೂ ಸದ್ದು ಮಾಡುತ್ತದೆ.

ಪ್ರಶ್ನೆ: ಹಳೆಯ ಕಂಟ್ರೋಲರ್ ಕೊಟ್ಟು ಪ್ಯಾಡ್ ಜಾಸ್ತಿ ಇರುವುದನ್ನು ಕೊಂಡೆ. ಆದರೆ ಒತ್ತಿದ ಮೇಲೆ ತುಸು ತಡವಾಗಿ ಸದ್ದು ಬರುತ್ತದೆ. ಹಳೆಯದರಲ್ಲೂ ಹೀಗೆಯೇ ಆಗುತ್ತಿತ್ತು. ಇನ್ನೂ ಮೇಲಿನ ದರ್ಜೆಯದು ಬೇಕೇ?
— ಓದುಗ, ಬಳ್ಳಾರಿ

ಉತ್ತರ: ಎರಡರಲ್ಲೂ ಹಾಗೆಯೇ ಆಗುತ್ತಿದ್ದರೆ ತಪ್ಪು ಪೆಟ್ಟಿಗೆಯದಲ್ಲ. ತಂತ್ರಾಂಶದ ಆಡಿಯೋ ಸೆಟ್ಟಿಂಗ್ ತೆರೆದು ಬಫರ್, ಅಂದರೆ ಹೊರಬಿಡುವ ಮೊದಲು ಕೂಡಿಟ್ಟುಕೊಳ್ಳುವ ಸದ್ದಿನ ಚೂರುಗಳ (ಸ್ಯಾಂಪಲ್) ಸಂಖ್ಯೆ, ಎಷ್ಟಿದೆ ನೋಡಿ. 1024 ಇದ್ದರೆ, ಸೆಕೆಂಡಿಗೆ 44,100 ಸ್ಯಾಂಪಲ್ ಲೆಕ್ಕದಲ್ಲಿ, ಅಲ್ಲಿಯೇ 23 ಮಿಲಿಸೆಕೆಂಡ್ ಹೋಯಿತು. 256ಕ್ಕೆ ಇಳಿಸಿದರೆ ಸುಮಾರು 6. ನಿಮಿಷಕ್ಕೆ 120 ಬೀಟ್ ಇರುವ ಹಾಡಿನಲ್ಲಿ ಕಾಲು ಬೀಟ್ ಎಂದರೆ 125 ಮಿಲಿಸೆಕೆಂಡ್. ಅದರಲ್ಲಿ 23 ತಪ್ಪಿದರೆ ಕೈಗೆ ತಿಳಿಯದೆ ಇರುವುದಿಲ್ಲ. ಇಳಿಸಿದಾಗ ಹಾಡು ಚಟಪಟ ಎಂದರೆ ಲ್ಯಾಪ್‌ಟಾಪಿಗೆ ಶಕ್ತಿ ಸಾಲದು. ಒಂದು ಮೆಟ್ಟಿಲು ಮೇಲೆ, 512ರಲ್ಲಿ ನಿಲ್ಲಿ. ವಿಂಡೋಸ್ ಆದರೆ ಕಂಟ್ರೋಲರ್ ಕಂಪನಿಯ ಸ್ವಂತ ಎ.ಎಸ್.ಐ.ಓ. ಡ್ರೈವರ್ (ಸದ್ದಿನ ತಡ ತಗ್ಗಿಸುವ ತಂತ್ರಾಂಶ) ಇದ್ದರೆ ಹಾಕಿಕೊಳ್ಳಿ. ಪವರ್ ಆಯ್ಕೆಗಳಲ್ಲಿ ಯು.ಎಸ್.ಬಿ.ಯನ್ನು ನಿದ್ದೆಗೆ ಕಳಿಸುವ ಸೌಲಭ್ಯವನ್ನೂ ಆಫ್ ಮಾಡಿಬಿಡಿ. ನಡುವೆ ಗುಂಡಿಗಳು ಸತ್ತಂತಾಗುವುದು ಅದರಿಂದಲೂ ಉಂಟು.

ಹಾಗೆಯೇ, ಮನೆಯಲ್ಲಿ ಅಭ್ಯಾಸ ಮಾಡುವಾಗ ಬ್ಲೂಟೂತ್ ಸ್ಪೀಕರ್ ಬಳಸುತ್ತಿದ್ದೀರಾ? ಪತ್ರದಲ್ಲಿ ಬರೆದಿಲ್ಲ. ಬಳಸುತ್ತಿದ್ದರೆ ಮೇಲಿನದನ್ನೆಲ್ಲ ಬಿಟ್ಟು ಮೊದಲು ಒಂದು ತಂತಿ ಹಾಕಿ. ಬ್ಲೂಟೂತ್ ತಾನೇ ನೂರು ಮಿಲಿಸೆಕೆಂಡ್‌ಗಿಂತ ಹೆಚ್ಚು ತಿನ್ನುವುದು ಸಾಮಾನ್ಯ.

ಪ್ರಶ್ನೆ: ಮೇಡಂ, ಒಂಬತ್ತನೆಯ ತರಗತಿಯ ಮಗ ಡಿ.ಜೆ. ಕಂಟ್ರೋಲರ್ ಬೇಕೆಂದು ಹಟ ಹಿಡಿದಿದ್ದಾನೆ. ಕೊಡಿಸಿದರೆ ಓದು ಹಾಳು ಎನ್ನುತ್ತಾರೆ ಅವನ ತಂದೆ. ಕೊಡಿಸುವುದಾದರೆ ಯಾವುದು?
— ಓದುಗಿ, ತುಮಕೂರು

ಉತ್ತರ: ಓದಿನ ವಿಷಯ ನಿಮ್ಮ ಮನೆಯದು, ಅದರಲ್ಲಿ ನಾನು ಬಾಯಿ ಹಾಕುವುದಿಲ್ಲ. ಹಟ ನಿಜವೋ ಅಲ್ಲವೋ ತಿಳಿಯಲು ಒಂದು ದಾರಿ ಇದೆ, ಅದಕ್ಕೆ ಖರ್ಚಿಲ್ಲ. ಮಿಕ್ಸ್ (Mixxx) ಎಂಬ ಉಚಿತ ಡಿ.ಜೆ. ತಂತ್ರಾಂಶವನ್ನು ಮನೆಯ ಕಂಪ್ಯೂಟರಿನಲ್ಲಿ ಹಾಕಿಕೊಡಿ. ಕೀಲಿಮಣೆಯಿಂದಲೇ ಕ್ಯೂ, ಲೂಪ್ ಎಲ್ಲವನ್ನೂ ಒತ್ತಬಹುದು. ದಸರಾ ರಜೆ ಮುಗಿಯುವವರೆಗೂ ಅದನ್ನು ಬಿಡದೆ ಹಿಡಿದಿದ್ದರೆ ಹುಡುಗನಿಗೆ ಆಸೆ ನಿಜವಾಗಿಯೂ ಇದೆ ಎನ್ನಿ.

ಆಮೇಲೆ ಕೊಡಿಸುವಾಗ ಚಿಕ್ಕದನ್ನೇ ಕೊಡಿಸಿ. ಹರ್ಕ್ಯುಲಿಸ್ ಇನ್‌ಪಲ್ಸ್ 200, ನ್ಯೂಮಾರ್ಕ್ ಪಾರ್ಟಿ ಮಿಕ್ಸ್ ಇಂಥವುಗಳಲ್ಲಿ ಡೆಕ್ಕಿಗೆ ನಾಲ್ಕು ಪ್ಯಾಡ್ ಇರುತ್ತವೆ. ಹಾಡಿನ ಆರಂಭ, ಪಲ್ಲವಿ, ಚರಣ, ಕೊನೆ ಎಂದು ಗುರುತು ಹಾಕಲು ಕಲಿಯುವವನಿಗೆ ನಾಲ್ಕು ಧಾರಾಳ. ಎಂಟು ಕೊಟ್ಟರೆ ಎಂಟನ್ನೂ ತುಂಬಿಸುವ ಚಟ ಹತ್ತಿ, ಹಾಡು ಕೇಳುವುದನ್ನೇ ಬಿಡುತ್ತಾನೆ. ಪ್ಯಾಡ್ ಎಣಿಸುವುದಕ್ಕಿಂತ ಮುಖ್ಯ, ಹೆಡ್‌ಫೋನ್ ಚುಚ್ಚುವ ಜಾಗ ಪೆಟ್ಟಿಗೆಯ ಮೇಲೆಯೇ ಇದೆಯೇ ನೋಡಿ. ಜನ ಒಂದು ಹಾಡು ಕೇಳುತ್ತಿರುವಾಗ ಮುಂದಿನದನ್ನು ಕಿವಿಯಲ್ಲಿ ಕೇಳಿ ಹೊಂದಿಸುವುದೇ ಡಿ.ಜೆ. ವಿದ್ಯೆ. ಪಯೋನಿಯರ್‌ನ ಡಿ.ಡಿ.ಜೆ.-200ರಲ್ಲಿ ಡೆಕ್ಕಿಗೆ ಎಂಟು ಪ್ಯಾಡ್ ಇವೆ, ಆದರೆ ಹೆಡ್‌ಫೋನ್ ಜಾಗವಿಲ್ಲ; ಸದ್ದನ್ನು ಇಬ್ಭಾಗ ಮಾಡುವ ಕೇಬಲ್ ಬೇರೆ ಸಿಕ್ಕಿಸಬೇಕು. ಅದೇ ಕಂಪನಿಯ 400ರಲ್ಲಿ, ಆಮೇಲೆ ಬಂದ ಎಫ್.ಎಲ್.ಎಕ್ಸ್.-4ರಲ್ಲಿ ಸೌಂಡ್ ಕಾರ್ಡ್ ಒಳಗೇ ಇದೆ. ಅಂದಹಾಗೆ ಹೆಡ್‌ಫೋನ್ ಇದ್ದರೆ ಹುಡುಗನ ತಂದೆಯವರಿಗೂ ನೆಮ್ಮದಿ.

ಪ್ರಶ್ನೆ: ಅಕ್ಕಾ, ಸಿನಿಮಾ ಹಾಡುಗಳಲ್ಲಿ ಲೂಪ್ ಚೆನ್ನಾಗಿ ಕೂರುತ್ತದೆ. ಜನಪದ ಹಾಡು ಹಾಕಿ ನಾಲ್ಕು ಬೀಟ್ ಲೂಪ್ ಒತ್ತಿದರೆ ತಾಳ ಕುಂಟುತ್ತದೆ, ಕುಣಿಯುವವರು ನನ್ನ ಮುಖ ನೋಡುತ್ತಾರೆ. ನನ್ನದು ಆರಂಭಿಕ ದರ್ಜೆಯ ಕಂಟ್ರೋಲರ್. ಮುಂದಿನ ದರ್ಜೆಯದರಲ್ಲಿ ಇದು ಸರಿ ಇರುತ್ತದೆಯೇ?
— ಓದುಗ, ಗದಗ

ಉತ್ತರ: ಇರುವುದಿಲ್ಲ. ಲಕ್ಷ ಕೊಟ್ಟರೂ ಇರುವುದಿಲ್ಲ. ಇಂಥ ಪ್ರಶ್ನೆ ಬಂದರೆ ಮಾತ್ರ ನನಗೆ ಈ ಅಂಕಣ ಬರೆಯುವ ಹುರುಪು ಬರುತ್ತದೆ, ಆದ್ದರಿಂದ ಉದ್ದವಾದರೆ ಸಹಿಸಿಕೋ.

ಈ ತಂತ್ರಾಂಶಗಳೆಲ್ಲ ನಾಲ್ಕರ ಲೆಕ್ಕದ ನೃತ್ಯ ಸಂಗೀತವನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದವು. ಲೂಪ್ ಗುಂಡಿಗಳು 1, 2, 4, 8, 16 ಎಂದು ದುಪ್ಪಟ್ಟಾಗುತ್ತಾ ಹೋಗುತ್ತವೆ. ನಮ್ಮ ಕಡೆಯ ಬಹಳಷ್ಟು ಜನಪದ ಹಾಡುಗಳ ನಡೆ ಆರು ಮಾತ್ರೆಯದು. ಆರನ್ನು ಎರಡೆರಡರಂತೆ ಮೂರು ಪಾಲು ಮಾಡಬಹುದು, ಮೂರು ಮೂರರಂತೆ ಎರಡು ಪಾಲೂ ಮಾಡಬಹುದು. ಹಾಡನ್ನು ಪರೀಕ್ಷಿಸುವಾಗ ತಂತ್ರಾಂಶ ಎರಡು ಮಾತ್ರೆಗೊಂದು ಬೀಟ್ ಎಂದು ಎಣಿಸಿಬಿಟ್ಟರೆ ಒಂದು ಆವರ್ತಕ್ಕೆ, ಅಂದರೆ ತಾಳದ ಒಂದು ಸುತ್ತಿಗೆ, ಮೂರು ಬೀಟ್ ಆಯಿತು. ನೀನು ನಾಲ್ಕು ಬೀಟ್ ಲೂಪ್ ಒತ್ತುತ್ತೀಯ. ಆಗ ಕೇಳಿಸುವುದು ‘ಒಂದು ಎರಡು ಮೂರು ಒಂದು, ಒಂದು ಎರಡು ಮೂರು ಒಂದು’. ಕುಂಟದೆ ಇನ್ನೇನು ಮಾಡೀತು?

ಉಪಾಯ ಸುಲಭ. ಪರದೆಯಲ್ಲಿ ಆ ಹಾಡಿನ ಬಿ.ಪಿ.ಎಂ. (ನಿಮಿಷಕ್ಕೆ ಎಷ್ಟು ಬೀಟ್ ಎಂಬ ಲೆಕ್ಕ) 150 ಎಂದು ತೋರಿಸುತ್ತಿದೆ ಎಂದುಕೋ. ಅದರ ಮೂರನೇ ಎರಡು ಭಾಗ 100. ಬೀಟ್ ಗ್ರಿಡ್ (ಹಾಡಿನ ಮೇಲೆ ತಂತ್ರಾಂಶ ಎಳೆದ ಬೀಟ್ ಗೆರೆಗಳು) ತಿದ್ದುವ ಜಾಗದಲ್ಲಿ 100 ಎಂದು ಹಾಕು. ಅಥವಾ ಕುಣಿಯುವವರ ಕಾಲು ಬೀಳುವ ಜಾಗಕ್ಕೆ ಸರಿಯಾಗಿ ಟ್ಯಾಪ್ ಗುಂಡಿ ಒತ್ತುತ್ತಾ ಹೋಗು, ತಂತ್ರಾಂಶವೇ ಲೆಕ್ಕ ಹಿಡಿಯುತ್ತದೆ. ಮೊದಲ ಬೀಟ್ ಅನ್ನು ಹಾಡಿನ ಸಮದ (ಆವರ್ತದ ಮೊದಲ ಪೆಟ್ಟಿನ) ಮೇಲೆ ಕೂರಿಸು. ಈಗ ಮೂರು ಮಾತ್ರೆಗೊಂದು ಬೀಟ್, ಆವರ್ತಕ್ಕೆ ಎರಡು. ನಾಲ್ಕು ಬೀಟ್ ಲೂಪ್ ಎಂದರೆ ನಿಖರವಾಗಿ ಎರಡು ಆವರ್ತ. ಗುಂಡಿಗಳೆಲ್ಲ ತಾವಾಗಿಯೇ ನೆಟ್ಟಗಾಗುತ್ತವೆ. ಇನ್ನೊಂದು ಲಾಭವೂ ಇದೆ: ಈ ಹಾಡನ್ನು 100 ಬಿ.ಪಿ.ಎಂ.ನ ಸಿನಿಮಾ ಹಾಡಿಗೆ ಜೋಡಿಸಿ ನೋಡು. ಕಾಲು ಬೀಳುವ ಜಾಗಗಳು ಒಂದರ ಮೇಲೊಂದು ಕೂರುತ್ತವೆ, ನಡುವಿನ ನಡೆ ಮಾತ್ರ ಬದಲಾಗುತ್ತದೆ. ಕುಣಿಯುವವರು ಆಗ ಯಾರ ಮುಖವನ್ನೂ ನೋಡುವುದಿಲ್ಲ.

ಗ್ರಿಡ್ ತಿದ್ದಲು ಪುರುಸೊತ್ತಿಲ್ಲದಿದ್ದರೆ ಲೂಪ್ ಇನ್, ಲೂಪ್ ಔಟ್ ಎಂಬ ಎರಡು ಗುಂಡಿಗಳನ್ನು ನಂಬು. ಸಮದ ಮೇಲೆ ಒಂದನ್ನು, ಮುಂದಿನ ಸಮದ ಮೇಲೆ ಇನ್ನೊಂದನ್ನು ಒತ್ತು. ಒತ್ತುವಾಗ ಕ್ವಾಂಟೈಸ್ ಎಂಬ ಸೌಲಭ್ಯ ಆಫ್ ಆಗಿರಲಿ, ಇಲ್ಲದಿದ್ದರೆ ನೀನು ಸರಿಯಾಗಿ ಒತ್ತಿದ್ದನ್ನು ಅದು ತಪ್ಪು ಗ್ರಿಡ್‌ಗೆ ಎಳೆದುಕೊಂಡು ಹೋಗುತ್ತದೆ. ಎಪ್ಪತ್ತು, ಎಂಬತ್ತರ ದಶಕದ ಸಿನಿಮಾ ಹಾಡುಗಳಿಗೂ ಇದೇ ಮದ್ದು. ವಾದ್ಯದವರೆಲ್ಲ ಒಟ್ಟಿಗೆ ಕೂತು ನುಡಿಸಿದ ಹಾಡುಗಳವು. ಯಂತ್ರದ ಟಿಕ್ ಟಿಕ್ ಕೇಳಿಕೊಂಡು ನುಡಿಸಿದವಲ್ಲ. ಪಲ್ಲವಿಯಲ್ಲಿ ಇದ್ದ ವೇಗ ಚರಣದಲ್ಲಿ ಕೂದಲೆಳೆಯಷ್ಟು ಬೇರೆ ಇರುತ್ತದೆ. ಅಂಥ ಹಾಡಿಗೆ ಸಿಂಕ್ (ಎರಡು ಹಾಡುಗಳ ವೇಗವನ್ನು ತಾನೇ ಹೊಂದಿಸುವ ಗುಂಡಿ) ಒತ್ತಿ ಕೈ ಕಟ್ಟಿ ನಿಂತರೆ ಮೂರನೆಯ ಸಾಲಿಗೇ ಎರಡರ ಬೀಟ್‌ಗಳು ತಪ್ಪಿ ಕುದುರೆ ಓಟ ಶುರುವಾಗುತ್ತದೆ.

ಕಂಟ್ರೋಲರ್ ಬದಲಿಸುವ ಯೋಚನೆ ಬಿಡು. ಆದರೆ ನಿನ್ನದರಲ್ಲಿ ಆ ಇನ್, ಔಟ್ ಗುಂಡಿಗಳು ಪ್ರತ್ಯೇಕವಾಗಿ ಇಲ್ಲದಿದ್ದರೆ, ತೀರಾ ಚಿಕ್ಕವುಗಳಲ್ಲಿ ಇರುವುದಿಲ್ಲ, ಬದಲಿಸಲು ಅದೊಂದು ನ್ಯಾಯವಾದ ಕಾರಣ.

ಪ್ರಶ್ನೆ: ಯಾವ ಕಂಟ್ರೋಲರ್ ಕೊಂಡರೆ ಸದ್ದು ಹೆಚ್ಚು ಬರುತ್ತದೆ?
— ಓದುಗ, ಕೊಪ್ಪಳ

ಉತ್ತರ: ಯಾವುದೂ ಅಲ್ಲ. ಗುಂಡಿಯ ಪೆಟ್ಟಿಗೆ ಸದ್ದು ಮಾಡುವುದಿಲ್ಲ, ಮಾಡುವವರಿಗೆ ಸುದ್ದಿ ಮುಟ್ಟಿಸುತ್ತದೆ. 1985ರ ರೋಲ್ಯಾಂಡ್ ಪ್ಯಾಡ್-8, ಅಂದರೆ ಮೊದಲ ಆಕ್ಟಪ್ಯಾಡ್, ಅದರಲ್ಲೂ ಸ್ವಂತ ಸದ್ದು ಇರಲಿಲ್ಲ. ಮಿಡಿ ತಂತಿಯ ಇನ್ನೊಂದು ತುದಿಯಲ್ಲಿದ್ದ ಯಂತ್ರ ಸದ್ದು ಮಾಡುತ್ತಿತ್ತು. ನಿಮ್ಮ ದುಡ್ಡು ಸ್ಪೀಕರಿಗೆ ಹೋಗಲಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ ಎಂಬ 2000ನೇ ಇಸವಿಯ ನಿಯಮ ಎಲ್ಲ ದರ್ಜೆಯ ಕಂಟ್ರೋಲರ್‌ಗಳಿಗೂ ಒಂದೇ.

ಪ್ರಶ್ನೆ: ಗಣೇಶ ವಿಸರ್ಜನೆಯ ಮೆರವಣಿಗೆಯಲ್ಲಿ ಗುಲಾಲು ಬಿದ್ದು ಮೂರು ಪ್ಯಾಡ್ ಸರಿಯಾಗಿ ಒತ್ತುತ್ತಿಲ್ಲ. ಮನೆಯಲ್ಲೇ ಬಿಚ್ಚಬಹುದೇ?
— ಓದುಗ, ಧಾರವಾಡ

ಉತ್ತರ: ಪ್ಯಾಡ್ ಯಾವ ಬಗೆಯದು ಎಂಬುದರ ಮೇಲೆ ಹೋಗುತ್ತದೆ. ಸರಳವಾದವುಗಳಲ್ಲಿ ರಬ್ಬರಿನ ಒಂದು ಹಾಸು, ಅದರ ಅಡಿಯಲ್ಲಿ ಕಪ್ಪು ಕಾರ್ಬನ್ ಬಿಲ್ಲೆಗಳು, ಕೆಳಗೆ ಸರ್ಕ್ಯೂಟ್ ಬೋರ್ಡ್. ಬಿಲ್ಲೆ ಬೋರ್ಡಿಗೆ ತಾಗಿದರೆ ಗುಂಡಿ ಒತ್ತಿದಂತೆ. ಗುಲಾಲು ನಡುವೆ ಕೂತಿದೆ, ಅಷ್ಟೇ. ಯು.ಎಸ್.ಬಿ. ಕಿತ್ತು, ಬಿಚ್ಚಿ, ಒಣ ಬ್ರಷ್‌ನಿಂದ ಪುಡಿಯನ್ನು ಹೊರಗೆ ತಳ್ಳು. ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್ ತೊಟ್ಟಿಕ್ಕಿಸಿದ ಹತ್ತಿಯಿಂದ ಬೋರ್ಡಿನ ಆ ಜಾಗವನ್ನು ಒರೆಸು. ಬಿಲ್ಲೆಗಳನ್ನು ಉಜ್ಜಬೇಡ, ಕಾರ್ಬನ್ ಕಿತ್ತು ಬಂದರೆ ಪ್ಯಾಡ್ ಮುಗಿಯಿತು. ಪೆಟ್ರೋಲ್, ಥಿನ್ನರ್ ಹತ್ತಿರವೂ ತರಬೇಡ.

ಒತ್ತಡ ಗುರುತಿಸುವ ಪ್ಯಾಡ್ ಆದರೆ ಬಿಚ್ಚಬೇಡ. ಅದರಲ್ಲಿ ಒತ್ತಿದಷ್ಟೂ ವಿದ್ಯುತ್ ತಡೆ ಕಡಿಮೆಯಾಗುವ ತೆಳುವಾದ ಹಾಳೆಗಳಿರುತ್ತವೆ. ಮಡಚಿದರೆ, ದ್ರವ ನುಗ್ಗಿದರೆ ಸರಿಮಾಡಲು ಬರುವುದಿಲ್ಲ, ಹಾಳೆಯನ್ನೇ ಬದಲಿಸಬೇಕು. ಬಿಡಿಭಾಗ ಸಿಗುವುದೂ ಕಷ್ಟ. ಗೇಮ್ ಯಂತ್ರದ ಬಗೆಯ ಗುಂಡಿಯಾದರೆ ಎಲ್ಲಕ್ಕಿಂತ ಸುಲಭ. ಕೆಟ್ಟ ಗುಂಡಿಯೊಂದನ್ನು ಎಳೆದು ತೆಗೆದು ಅದೇ ಅಳತೆಯ ಹೊಸದನ್ನು ಹಾಕಿದರೆ ಆಯಿತು.

ಮುಂದಿನ ವರ್ಷದ ಮೆರವಣಿಗೆಗೆ ಗಾಡಿಯಲ್ಲಿ ಪೆಟ್ಟಿಗೆಯ ಮೇಲೆ ತೆಳ್ಳನೆಯ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹಾಸಿ ಅಂಚಿಗೆ ಟೇಪ್ ಅಂಟಿಸು. ಗುಂಡಿಗಳನ್ನು ಅದರ ಮೇಲಿಂದಲೇ ಒತ್ತಬಹುದು. ಲ್ಯಾಪ್‌ಟಾಪಿನ ಗಾಳಿ ಕಿಂಡಿಯನ್ನು ಮಾತ್ರ ಮುಚ್ಚಬೇಡ.